ಬಾಸ್ ಕೇಳುವ ಸುಖ

ತಳದ ದನಿಯ ರುಚಿ ಒಮ್ಮೆ ಹತ್ತಿತೆಂದರೆ ಬಿಡುವುದಿಲ್ಲ. ಮಾಗಡಿ ರಸ್ತೆಯ ಗದ್ದಲ ತಗ್ಗಿ ಹೇರೋಹಳ್ಳಿ ಮಲಗುವ ಹೊತ್ತಿಗೆ ನಾನು ಹೆಡ್‌ಫೋನ್ ಹಾಕಿಕೊಂಡು ಜಾಝ್ ಕೇಳಲು ಕೂರುತ್ತೇನೆ. ಟ್ರಂಪೆಟ್, ಪಿಯಾನೊಗಳ ಅಡಿಯಲ್ಲಿ ಕಿವಿ ಹುಡುಕುವುದು ಡಬಲ್ ಬಾಸನ್ನು. ಆಳೆತ್ತರದ ಈ ನಾಲ್ಕು ತಂತಿಯ ವಾದ್ಯವನ್ನು ಮೈಗೆ ಒರಗಿಸಿಕೊಂಡು ಬೆರಳಲ್ಲಿ ಮೀಟುತ್ತಾರೆ. ಅದರ ದಪ್ಪ ತಂತಿಯ ಸ್ವರಕ್ಕೆ ಸೆಕೆಂಡಿಗೆ ಸುಮಾರು 41 ಕಂಪನ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅದು ದಕ್ಕುವುದೇ ಇಲ್ಲ.

ನನ್ನ ಮೆಚ್ಚಿನ ವಾದಕ ಆಲ್ ಮೆಕಿಬ್ಬನ್. 1919ರಲ್ಲಿ ಶಿಕಾಗೊದಲ್ಲಿ ಹುಟ್ಟಿ ಡೆಟ್ರಾಯಿಟ್‌ನಲ್ಲಿ ಬೆಳೆದವರು. 1947ರಲ್ಲಿ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿಯ ದೊಡ್ಡ ವಾದ್ಯವೃಂದಕ್ಕೆ, ರೇ ಬ್ರೌನ್ ಅವರ ಜಾಗಕ್ಕೆ ಬಂದರು. ಅದು ಬೆಬಾಪ್ ಎಂಬ ಜಾಝ್ ಶೈಲಿಯ ಕಾಲ. ಮೇಲೆ ಟ್ರಂಪೆಟ್ ಕಣ್ಣು ಕುಕ್ಕುವ ವೇಗದಲ್ಲಿ ಓಡುವಾಗ ಬಾಸ್ ಆವರ್ತಕ್ಕೆ ನಾಲ್ಕು ಮೀಟು ಹಾಕುತ್ತ ನಡೆಯಬೇಕು. ಲಯವನ್ನೂ ಹಿಡಿದಿರಬೇಕು, ಸ್ವರಮೇಳ ತಿರುಗುವ ದಾರಿಯನ್ನೂ ತೋರಿಸಬೇಕು.

ಅದೇ ವರ್ಷ ಕಾಂಗಾ ಎಂಬ ಚರ್ಮವಾದ್ಯ ನುಡಿಸುವ ಕ್ಯೂಬಾದ ಚಾನೊ ಪೋಜೊ ತಂಡ ಸೇರಿದರು. ಡಿಸೆಂಬರಿನಲ್ಲಿ ಆ ತಂಡದ ‘ಮಾಂಟೇಕಾ’ ಎಂಬ ರಚನೆ ಧ್ವನಿಮುದ್ರಣವಾಯಿತು. ಮೆಕಿಬ್ಬನ್ ಮನಸೋತ ಕ್ಯೂಬಾದ ಲಯದಲ್ಲಿ ಬಾಸಿನ ನಡೆಗೆ ಟುಂಬಾವೊ ಎನ್ನುತ್ತಾರೆ. ಅದರ ಸಾಮಾನ್ಯ ರೂಪದಲ್ಲಿ ಮೊದಲ ಎಣಿಕೆ ಖಾಲಿ. ಎರಡು ಕಳೆದು ಅರ್ಧಕ್ಕೆ ಒಂದು ಮೀಟು, ನಾಲ್ಕಕ್ಕೆ ಇನ್ನೊಂದು. ಆ ನಾಲ್ಕನೆಯದು ಮುಂದಿನ ಆವರ್ತದ ಸ್ವರವನ್ನು ಮುಂಚೆಯೇ ನುಡಿದುಬಿಡುತ್ತದೆ. ರಾಮೋತ್ಸವದ ಪೆಂಡಾಲಿನಲ್ಲಿ ಕೂತು, ಸಮ ಬಿಟ್ಟು ಎಡುಪು ಹಿಡಿಯುವ ಕೃತಿಗಳಿಗೆ ತಾಳ ಹಾಕಿದವರಿಗೆ ಈ ಸೊಗಸು ಬೇಗ ತಿಳಿಯುತ್ತದೆ. ಸಮಕ್ಕೆ ತೊಡೆಯ ಮೇಲೆ ಕೈ ಬಿದ್ದಲ್ಲಿ ಬಾಸ್ ಇರುವುದಿಲ್ಲ, ಆದರೂ ಲಯ ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಈ ಲೋಕಕ್ಕೂ ನಮ್ಮ ಊರಿಗೂ ನಂಟಿದೆ. ಬಾಸ್ ದಿಗ್ಗಜ ಚಾರ್ಲ್ಸ್ ಮಿಂಗಸ್ ಅವರ ತಂಡದಲ್ಲಿ 1963ರಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಚಾರ್ಲಿ ಮರಿಯಾನೊ, 1983ರಲ್ಲಿ ‘ಜ್ಯೋತಿ’ ಆಲ್ಬಂ ಮಾಡಿದ್ದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ. ಆರ್.ಎ. ರಮಾಮಣಿ ಹಾಡಿದ ಆ ಆಲ್ಬಂನಲ್ಲಿ ಡಬಲ್ ಬಾಸ್ ಇಲ್ಲ. ನನ್ನ ಕಿವಿಗೆ ಅಲ್ಲಿ ತಳ ಕಟ್ಟಿಕೊಡುವುದು ಟಿ.ಎ.ಎಸ್. ಮಣಿಯವರ ಮೃದಂಗದ ಎಡಮುಖ.

ಮೆಕಿಬ್ಬನ್ ಮುಂದೆ ಮೈಲ್ಸ್ ಡೇವಿಸ್, ಜಾರ್ಜ್ ಶಿಯರಿಂಗ್, ಕ್ಯಾಲ್ ಜೇಡರ್ ಅಂಥವರಿಗೆಲ್ಲ ಬಾಸ್ ನುಡಿಸಿದರು. ಸ್ವಂತ ಹೆಸರಿನ ಮೊದಲ ಆಲ್ಬಂ ಬಂದದ್ದು 1999ರಲ್ಲಿ, ಎಂಬತ್ತರ ವಯಸ್ಸಿಗೆ. ಅದರ ಶೀರ್ಷಿಕೆಯಲ್ಲೂ ಅವರು ನೆನೆದದ್ದು ತಮ್ಮ ಬಾಳಿನ ಕಾಂಗಾ ವಾದಕರನ್ನೇ. 2005ರಲ್ಲಿ ತೀರಿಕೊಂಡರು. ಇನ್ನೊಬ್ಬರ ಸಂಗೀತ ಚೆನ್ನಾಗಿ ನಿಲ್ಲಲಿ ಎಂದು ಅರ್ಧ ಶತಮಾನ ದುಡಿದ ಇಂಥ ಬದುಕನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ‘ಮಾಂಟೇಕಾ’ವನ್ನು ನೀವೂ ಒಂದು ಸಲ ಕೇಳಿ, ಟ್ರಂಪೆಟ್ ಎಷ್ಟೇ ಕರೆದರೂ ಬಾಸಿನ ಬೆನ್ನು ಬಿಡಬೇಡಿ.