ಚೊಚ್ಚಲ ಬಸುರಿಯ ಸಂಕೋಚ

ನಮ್ಮ ಕೊಣನೂರಿನಲ್ಲಿ ಬಸುರಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಪರಂಗಿ ಹಣ್ಣು ಮುಟ್ಟಬೇಡ, ಗ್ರಹಣದ ಹೊತ್ತಲ್ಲಿ ಹೊರಗೆ ಬರಬೇಡ, ಎಡ ಮಗ್ಗುಲಾಗಿ ಮಲಗು, ತೂಗುಸೇತುವೆ ಅಲ್ಲಾಡುತ್ತೆ, ಅದರ ಮೇಲೆ ಹೋಗಬೇಡ. ಏಳನೇ ತಿಂಗಳಲ್ಲಿ ಹಸಿರು ಬಳೆ ತೊಡಿಸಿ ಮಡಿಲು ತುಂಬುವ ದಿನ ಬಂದ ಹೆಂಗಸರೆಲ್ಲ ತಂತಮ್ಮ ಹೆರಿಗೆಯ ಕಥೆ ಬಿಚ್ಚುತ್ತಾರೆ. ನೋವು ಎಷ್ಟು ಹೊತ್ತು ತಿಂದೆ, ಹೊಲಿಗೆ ಎಷ್ಟು ಬಿತ್ತು, ಸರಿರಾತ್ರಿಯಲ್ಲಿ ಅರಕಲಗೂಡು ದಾಟಿ ಹಾಸನಕ್ಕೆ ಹೇಗೆ ಓಡಿದೆವು, ಯಾವುದನ್ನೂ ಬಿಡುವುದಿಲ್ಲ. ಒಂದು ಸಂಗತಿಯ ಹತ್ತಿರ ಬಂದಾಗ ಮಾತ್ರ ಎಲ್ಲರ ಬಾಯಿಯೂ ಮುಚ್ಚಿಕೊಳ್ಳುತ್ತದೆ. ಹೆರುವಾಗ ಹೊರಗೆ ಬರುವುದು ಮಗು ಒಂದೇ ಅಲ್ಲ ಅನ್ನುವುದನ್ನು ಚೊಚ್ಚಲ ಬಸುರಿಗೆ ಯಾರೂ ಹೇಳುವುದಿಲ್ಲ.

ಹೇಳದಿದ್ದರೂ ಅವಳ ಕಿವಿಗೆ ಅದು ಎಲ್ಲಿಂದಲೋ ಬಿದ್ದಿರುತ್ತದೆ. ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಕೇಳಲು ಬಾಯಿ ಬರುವುದಿಲ್ಲ.

ನನ್ನ ತಂಗಿಯ ಮಗಳು ಬೆಂಗಳೂರಿನಿಂದ ತವರಿಗೆ ಬಂದಿದ್ದಳು. ನಮ್ಮ ಮನೆತನದಲ್ಲಿ ಯಾರ ಹೆರಿಗೆಯಾದರೂ ಆಸ್ಪತ್ರೆಗೆ ಜೊತೆಗೆ ಹೋಗುವವಳು ನಾನು. ಬಹುಶಃ ಅದಕ್ಕೇ ನನ್ನನ್ನೇ ಕೇಳಿದಳು. ಹಿತ್ತಲಿನಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದೆವು. ಕೈಯಲ್ಲಿದ್ದ ಟವೆಲ್ಲಿನಿಂದ ಕಣ್ಣೆತ್ತದೆ, “ದೊಡ್ಡಮ್ಮ, ನೋವಾದ್ರೆ ಹೆಂಗೋ ತಡ್ಕೋತೀನಿ. ಹೆರಿಗೆ ಟೇಬಲ್ ಮೇಲೇ ಎರಡಕ್ಕೆ ಆಗ್ಬಿಟ್ರೆ?” ಅಂದಳು. ಅದೊಂದು ಆಚೆ ಬಂದಮೇಲೆ ಉಳಿದವೂ ಬಂದವು. ಸೀನಿದರೆ, ಜೋರಾಗಿ ನಕ್ಕರೆ ಒಂದೆರಡು ಹನಿ ಮೂತ್ರ ಹೋಗುತ್ತಿತ್ತಂತೆ. ಹೆತ್ತ ತಾಯಿಗೂ ಹೇಳಿರಲಿಲ್ಲ. ಬಸ್ಸಿನಲ್ಲಿ ಕೂತಾಗ ನೀರೊಡೆದರೆ? ಡಾಕ್ಟರ ಮುಂದೆ ಹೂಸು ಬಂದರೆ? ಪಕ್ಕದಲ್ಲಿ ನಿಂತ ಗಂಡ ಅದನ್ನೆಲ್ಲ ನೋಡಿಬಿಟ್ಟರೆ? ಎಂ.ಕಾಂ. ಓದಿ ದೊಡ್ಡ ಆಫೀಸಿನಲ್ಲಿ ಲೆಕ್ಕಪತ್ರ ನೋಡುವ ಹುಡುಗಿ ಇಷ್ಟನ್ನೂ ಎಂಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಳು.

“ಆಗುತ್ತೆ ಕಣವ್ವ, ಬಾಳ ಜನಕ್ಕೆ ಆಗುತ್ತೆ” ಅಂದೆ. ಆಗಲ್ಲ ಬಿಡು ಅಂತ ಸುಳ್ಳು ಹೇಳಿ ಸಮಾಧಾನ ಮಾಡುವುದು ಸುಲಭವಿತ್ತು. ಆದರೆ ಅಂಥ ಸಮಾಧಾನ ಹೆರಿಗೆ ಟೇಬಲ್ಲಿನ ತನಕ ಬಾಳುವುದಿಲ್ಲ.

ಅದು ಯಾಕೆ ಆಗುತ್ತದೆ ಅನ್ನುವುದನ್ನು ತಿಳಿದುಕೊಂಡರೆ ನಾಚಿಕೆಯ ಅರ್ಧ ಭಾರ ಇಳಿಯುತ್ತದೆ ಎಂದು ನಾನು ನಂಬಿದ್ದೇನೆ. ಸೊಂಟದ ಮೂಳೆಗಳ ನಡುವಿನ ಜಾಗ ಬಹಳ ಇಕ್ಕಟ್ಟು. ಮುಂದೆ ಮೂತ್ರಕೋಶ, ಹಿಂದೆ ಮಲನಾಳ, ನಡುವೆ ಮಗು ಬರುವ ದಾರಿ. ತಿಂಗಳು ತುಂಬಿದ ಮಗುವಿನ ತಲೆಯ ಸುತ್ತಳತೆ ಹೆಚ್ಚುಕಡಿಮೆ 35 ಸೆಂಟಿಮೀಟರ್. ಅಷ್ಟು ದೊಡ್ಡ ತಲೆ ಕೆಳಗಿಳಿಯುವಾಗ ಹಿಂದಿನ ಮಲನಾಳ ಚಪ್ಪಟೆಯಾಗಿ ಒತ್ತಿಕೊಳ್ಳುತ್ತದೆ. ಅಲ್ಲಿ ಏನಾದರೂ ಉಳಿದಿದ್ದರೆ ಅದಕ್ಕೆ ಹೊರಗೆ ಹೋಗದೆ ಬೇರೆ ದಾರಿಯೇ ಇಲ್ಲ. ಮಗುವನ್ನು ತಳ್ಳಲು ಬೇಕಾಗುವುದೂ ದಿನಾ ಬೆಳಗ್ಗೆ ನಾವು ಬಳಸುವ ಅದೇ ಸ್ನಾಯುಗಳು. ತಲೆ ಕೆಳಗೆ ಬಂದು ಒತ್ತಿದಾಗ ಮೈಗೆ ಅನ್ನಿಸುವುದೂ ಎರಡಕ್ಕೆ ಬಂದ ಹಾಗೇ. ಅನುಭವಸ್ಥ ಸಿಸ್ಟರುಗಳು ಕಾಯುವುದೇ ಆ ಮಾತಿಗೆ. “ಸಿಸ್ಟರ್, ಎರಡಕ್ಕೆ ಅರ್ಜೆಂಟಾಗ್ತಿದೆ” ಅಂದ ಕೂಡಲೇ ಕೈಗವಸು ಹಾಕಿಕೊಂಡು ಬರುತ್ತಾರೆ, ಮಗು ಹತ್ತಿರ ಬಂತು ಅಂತ ಅವರಿಗೆ ಗೊತ್ತು. ಆಮೇಲೆ ಅವರು ಹೇಳುವುದು ಕೂಡ, “ಎರಡಕ್ಕೆ ಹೋಗ್ವಾಗ ಮುಕ್ಕಲ್ವಾ, ಹಂಗೇ ಮುಕ್ಕಮ್ಮ” ಅಂತಲೇ.

ಸಂಕೋಚ ಕೇಡು ಮಾಡುವುದು ಇಲ್ಲಿ. ಎಲ್ಲಿ ಗಲೀಜಾಗುತ್ತದೋ ಅಂತ ಹುಡುಗಿ ಹಿಂದಿನ ಬಾಗಿಲನ್ನು ಬಿಗಿಹಿಡಿಯುತ್ತಾಳೆ. ಅದನ್ನು ಬಿಗಿಹಿಡಿದು ಇದನ್ನು ತಳ್ಳುವುದು ಯಾವ ಹೆಂಗಸಿಗೂ ಬರುವುದಿಲ್ಲ, ಎರಡಕ್ಕೂ ಇರುವ ತಳ ಒಂದೇ. ಮುಖವೆಲ್ಲ ಕೆಂಪಾಗಿ, ಕತ್ತಿನ ನರ ಉಬ್ಬಿ, ಗಂಟಲಿನಲ್ಲಿ ಮುಕ್ಕುತ್ತಾಳೆ. ಬಲವೆಲ್ಲ ಮೇಲೆ ಹೋಗುತ್ತದೆ, ಮಗು ಇದ್ದಲ್ಲೇ ಇರುತ್ತದೆ. ನೋವಿಗೆ ಹೆದರಿದವಳಿಗಿಂತ ನಾಚಿಕೆಗೆ ಹೆದರಿದವಳು ಹೆಚ್ಚು ದಣಿಯುವುದನ್ನು ನಾನು ನೋಡಿದ್ದೇನೆ. ಇನ್ನೊಂದು ಅಪಾಯವನ್ನೂ ಹೇಳಿಬಿಡಬೇಕು. ನೋವು ಜೋರಾದ ಮೇಲೆ ಎರಡಕ್ಕೆ ಬಂತು ಅನ್ನಿಸಿದರೆ ಯಾರಿಗೂ ಹೇಳದೆ ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಳ್ಳಬಾರದು. ಅದು ಮಗುವಿನ ತಲೆಯೇ ಇರಬಹುದು. ಮೊದಲು ಸಿಸ್ಟರಿಗೆ ಹೇಳಬೇಕು, ಅವರು ನೋಡಿ ಹೋಗು ಅಂದರೆ ಹೋಗಬೇಕು.

ನನ್ನ ಹೆರಿಗೆಯ ಕಾಲಕ್ಕೆ ಇದಕ್ಕೆಲ್ಲ ಒಂದೇ ಮದ್ದು, ಎನಿಮಾ. ದಾಖಲಾದ ಕೂಡಲೇ ಕೂದಲು ಬೋಳಿಸಿ, ಸೋಪಿನ ನೀರಿನ ಎನಿಮಾ ಕೊಟ್ಟು, ಕಾರಿಡಾರಿನ ತುದಿಯಲ್ಲಿದ್ದ ಕಕ್ಕಸಿಗೆ ಕಳಿಸುತ್ತಿದ್ದರು. ಐದು ನಿಮಿಷಕ್ಕೊಮ್ಮೆ ನೋವು ಬರುತ್ತಿರುವಾಗ ಗೋಡೆ ಹಿಡಿದುಕೊಂಡು ಅಲ್ಲಿಗೆ ನಡೆದದ್ದು ನನ್ನ ಮೈ ಇನ್ನೂ ಮರೆತಿಲ್ಲ. ಅದರಿಂದ ಸೋಂಕು ತಪ್ಪುತ್ತದೆ, ಹೆರಿಗೆ ಬೇಗ ಆಗುತ್ತದೆ ಅಂದುಕೊಂಡಿದ್ದರು. ಪರೀಕ್ಷೆ ಮಾಡಿ ನೋಡಿದಾಗ ಎರಡೂ ನಿಜವಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ಎಲ್ಲರಿಗೂ ಎನಿಮಾ ಕೊಡುವ ಪದ್ಧತಿಯನ್ನು ಕೈಬಿಡಬೇಕಾದ ಪದ್ಧತಿಗಳ ಸಾಲಿಗೆ ಸೇರಿಸಿತು. 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಬೇಡವೆಂದು ಮತ್ತೆ ಹೇಳಿತು. ಗಟ್ಟಿಯಾಗಿ ಬಂದದ್ದನ್ನು ಒರೆಸಿ ತೆಗೆಯುವುದು ಸುಲಭ, ಎನಿಮಾ ಕೊಟ್ಟು ನೀರಾಗಿಸಿದ್ದನ್ನು ತೆಗೆಯುವುದೇ ಕಷ್ಟ. ನೋವು ಬರಿಸಲು ಹರಳೆಣ್ಣೆ ಕುಡಿಸುವ ಅಜ್ಜಿಯರು ಈಗಲೂ ಇದ್ದಾರೆ. ವೈದ್ಯರನ್ನು ಕೇಳದೆ ಆ ಕೆಲಸ ಮಾಡಬೇಡಿ. ಭೇದಿಯಾಗಿ, ಮೈಯ ನೀರೆಲ್ಲ ಬತ್ತಿ, ಹೆರುವ ಹೊತ್ತಿಗೆ ಹುಡುಗಿಗೆ ಶಕ್ತಿಯೇ ಉಳಿದಿರುವುದಿಲ್ಲ. ನೋವು ಶುರುವಾಗುವ ಮುಂಚೆ ಎಷ್ಟೋ ಜನಕ್ಕೆ ಹೊಟ್ಟೆ ತಾನಾಗೇ ಸಡಿಲವಾಗಿ ಎರಡು ಮೂರು ಸಲ ಹೋಗುತ್ತದೆ. ಆ ತಯಾರಿಯನ್ನು ಮೈಯೇ ಮಾಡಿಕೊಳ್ಳುತ್ತದೆ.

ನಮ್ಮಜ್ಜಿಯ ಕಾಲದಲ್ಲಿ ಹೆರಿಗೆ ನಡುಮನೆಯ ಒಳಕೋಣೆಯಲ್ಲಿ. ತೊಲೆಗೆ ಕಟ್ಟಿದ ಹಗ್ಗ ಹಿಡಿದು, ಕುಕ್ಕರಗಾಲಿನಲ್ಲಿ ಕೂತು, ಕೆಳಗೆ ಹಾಸಿದ ಹಳೇ ಸೀರೆಯ ಮೇಲೆ ಹೆತ್ತೆ ಎನ್ನುತ್ತಿದ್ದಳು. ಆ ಸೀರೆಯ ಮೇಲೆ ಏನು ಬಿದ್ದರೂ ಸೂಲಗಿತ್ತಿ ಸುತ್ತಿ ತೆಗೆಯುತ್ತಿದ್ದಳು, ಅದರ ಮಾತೇ ಏಳುತ್ತಿರಲಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹೀಗೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಒಂದು ಕಾಸು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಷ್ಟು ಸಾವಿರ ಹೆಂಗಸರ ಎಷ್ಟು ಗಲೀಜನ್ನು ಆ ಕೈ ತೊಳೆದಿರಬೇಕು ಎಂದು ನಾನು ಯೋಚಿಸುತ್ತೇನೆ. ಪ್ರಶಸ್ತಿ ಕೊಡುವಾಗ ಆ ಮಾತು ಬರುವುದಿಲ್ಲ, ಅವರ ಕೆಲಸದ ದೊಡ್ಡ ಪಾಲು ಮಾತ್ರ ಅದೇ ಆಗಿತ್ತು. ಹಾಗಂತ ಆ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ರಕ್ತ ನಿಲ್ಲದೆ ಆ ಕೋಣೆಯಲ್ಲೇ ಕಣ್ಣುಮುಚ್ಚಿದವರು ನಮ್ಮ ಮನೆಯಲ್ಲೂ ಇದ್ದಾರೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ, ಆಗಲೇಬೇಕು. ಆದರೆ ಒಳಕೋಣೆಯಲ್ಲಿ ಹೆತ್ತವಳ ಸುತ್ತ ಇದ್ದವರು ಅವಳನ್ನು ಚಿಕ್ಕಂದಿನಿಂದ ಬಲ್ಲವರು. ಇಲ್ಲಿ ಟ್ಯೂಬ್‌ಲೈಟಿನ ಕೆಳಗೆ, ಕಾಲು ಎತ್ತಿ ಇಟ್ಟುಕೊಂಡು, ಹೆಸರೂ ಗೊತ್ತಿಲ್ಲದವರ ಮುಂದೆ ಮಲಗಬೇಕು. ನಾಚಿಕೆ ಹೆಚ್ಚಿದ್ದರೆ ಅದು ಹುಡುಗಿಯರ ತಪ್ಪಲ್ಲ.

ನಿಜಕ್ಕೂ ನಾಚಿಕೆ ಹುಟ್ಟಿಸುವುದು ಮಲವಲ್ಲ, ಮಾತು. ಹಿಂದೊಮ್ಮೆ ಒಂದು ಆಸ್ಪತ್ರೆಯ ಹೆರಿಗೆ ಕೋಣೆಯ ಬಾಗಿಲಾಚೆ ನಿಂತಿದ್ದಾಗ ಒಳಗಿನಿಂದ, “ಥೂ, ಎಲ್ಲಾ ಗಲೀಜು ಮಾಡ್ಬಿಟ್ಟಲ್ಲಮ್ಮ, ಮನೇಲೇ ಹೋಗ್ಬರಕ್ಕಾಗ್ಲಿಲ್ವಾ?” ಅಂತ ಕೇಳಿಸಿತು. ಆಮೇಲೆ ನಮ್ಮ ಹುಡುಗಿಯ ದನಿಯೇ ಇಲ್ಲ. ಮುಕ್ಕುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ಅವಳಿಗೀಗ ಹೈಸ್ಕೂಲಿಗೆ ಹೋಗುವ ಮಗನಿದ್ದಾನೆ. ಹೆರಿಗೆಯ ಸುದ್ದಿ ಬಂದರೆ ಈಗಲೂ ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಅದಾಗಿ ಎಷ್ಟೋ ವರ್ಷದ ಮೇಲೆ ನಾದಿನಿಯ ಮಗಳ ಜೊತೆಗೆ ಹೋದಾಗ ನನ್ನನ್ನು ಒಳಗೇ ಬಿಟ್ಟರು. ಸರ್ಕಾರಿ ಆಸ್ಪತ್ರೆಯಲ್ಲೂ ಹೆರುವವಳ ಪಕ್ಕದಲ್ಲಿ ಅವಳ ಕಡೆಯ ಒಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಹೇಳಿತ್ತು. 2017ರ ಡಿಸೆಂಬರಿನಲ್ಲಿ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಟೇಬಲ್ಲಿಗೂ ಟೇಬಲ್ಲಿಗೂ ನಡುವೆ ಮರೆ ಇರಬೇಕು, ಮರ್ಯಾದೆಯ ಮಾತು ಇರಬೇಕು ಅನ್ನುತ್ತದೆ. ಅವತ್ತು ನಾನು ಹುಡುಗಿಯ ತಲೆ ಹಿಡಿದುಕೊಂಡು ನಿಂತಿದ್ದೆ. ಮೂರನೆಯದೋ ನಾಲ್ಕನೆಯದೋ ಸಲ ಮುಕ್ಕಿದಾಗ ಆಯಿತು. ಟೇಬಲ್ಲಿನ ಬುಡದಲ್ಲಿದ್ದ ಆಯಮ್ಮನ ಕೈ ನೋಡಬೇಕಿತ್ತು. ಎಡಗೈಯಲ್ಲಿ ಕೆಳಗಿನ ಹಾಳೆಯ ಅಂಚನ್ನು ಒಳಕ್ಕೆ ಮಡಚಿಕೊಂಡಳು, ಬಲಗೈಯ ಹತ್ತಿಯಿಂದ ಮುಂದಿನಿಂದ ಹಿಂದಕ್ಕೆ ಒಂದೇ ಎಳೆತಕ್ಕೆ ಒರೆಸಿದಳು, ಹತ್ತಿಯನ್ನೂ ಹಾಳೆಯನ್ನೂ ಸೇರಿಸಿ ಸುತ್ತಿ ಹಳದಿ ಚೀಲಕ್ಕೆ ಹಾಕಿದಳು, ಹೊಸ ಹಾಳೆ ಸರಿಸಿದಳು. ಒಂದು ನೋವು ಇಳಿದು ಇನ್ನೊಂದು ಏಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಷ್ಟೂ ಹೊತ್ತು ಅವಳ ಬಾಯಿ, “ಬಂತು ಕಣವ್ವ ಬಂತು, ಕೂದ್ಲು ಕಾಣ್ತಾವೆ, ಬಿಡ್ಬೇಡ” ಅನ್ನುತ್ತಲೇ ಇತ್ತು. ಹುಡುಗಿಗೆ ಗೊತ್ತೇ ಆಗಲಿಲ್ಲ. ಮಗು ಹುಟ್ಟಿದ ಖುಷಿಗೆ ನಾವು ಡಾಕ್ಟರಿಗೆ, ಸಿಸ್ಟರಿಗೆ ಸ್ವೀಟ್ ಬಾಕ್ಸ್ ಕೊಡುತ್ತೇವೆ. ಹೊರಗುತ್ತಿಗೆಯ ಸಣ್ಣ ಸಂಬಳಕ್ಕೆ ದುಡಿಯುವ ಆಯಮ್ಮನಿಗೆ ಉಳಿದರೆ ಒಂದು ಪೇಡ. ನನ್ನ ಕೈಯಲ್ಲಾದರೆ ಮೊದಲ ಡಬ್ಬಿ ಅವಳಿಗೆ ಕೊಡುತ್ತೇನೆ.

ತಂಗಿಯ ಮಗಳಿಗೆ ಇಷ್ಟನ್ನೂ ಹೇಳಿದೆ. ಗಂಡ ಒಳಗೆ ಬರುವುದಾದರೆ ತಲೆಯ ಕಡೆ ನಿಂತು ಕೈ ಹಿಡಿದುಕೊಳ್ಳಲಿ, ಬೇಡ ಅನ್ನಿಸಿದರೆ ಬೇಡ ಅನ್ನು, ಅದು ನಿನ್ನ ಇಷ್ಟ ಅಂದೆ. ನೀರೊಡೆದರೆ ತಡೆಯಲಾಗುವುದಿಲ್ಲ, ಮೂತ್ರದ ವಾಸನೆಯೂ ಇರುವುದಿಲ್ಲ. ಬಟ್ಟೆ ಇಟ್ಟುಕೊಂಡು ಆಸ್ಪತ್ರೆಗೆ ಹೊರಡಬೇಕು, ಹಸಿರು ಬಣ್ಣವಿದ್ದರೆ, ರಕ್ತವಿದ್ದರೆ ಒಂದು ಗಳಿಗೆಯೂ ತಡಮಾಡಬಾರದು. ವಾಂತಿಯಾಗಬಹುದು, ಹೆತ್ತ ಮೇಲೆ ಗಡಗಡ ನಡುಕ ಬರಬಹುದು, ಅವೆಲ್ಲ ಆಗುವಂಥವೇ. ಸೀನಿದಾಗ ಹೋಗುವ ಹನಿಗಳಿಗೆ ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ ಇದೆ. 1948ರಲ್ಲಿ ಅರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯರು ಅದರ ಬಗ್ಗೆ ಬರೆದರು, ಇವತ್ತಿಗೂ ಅದೇ ಮೊದಲ ಮದ್ದು. ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಿದೆ. ಹೆರಿಗೆಯಾಗಿ ವಾರಗಳು ಕಳೆದ ಮೇಲೂ ಗಾಳಿಯೋ ಮಲವೋ ಹಿಡಿತಕ್ಕೆ ಸಿಗದಿದ್ದರೆ ಅದನ್ನು ಮುಚ್ಚಿಡಬಾರದು. ಒಳಗೆ ಹರಿದಿರುವುದು ಕೂಡಿಕೊಂಡಿಲ್ಲ ಅಂತ ಅರ್ಥ ಇರಬಹುದು, ಚಿಕಿತ್ಸೆ ಇದೆ. ಯಾರಿಗೂ ಹೇಳದೆ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟ ಹೆಂಗಸರು ನಮ್ಮ ಸುತ್ತಲೇ ಇದ್ದಾರೆ.

2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಹುಟ್ಟಿದ 596 ಶಿಶುಗಳ ಅಧ್ಯಯನವೊಂದು ಪ್ರಕಟವಾಯಿತು. ಸಹಜ ಹೆರಿಗೆಯಲ್ಲಿ ಹುಟ್ಟಿದ ಕೂಸುಗಳ ಕರುಳಿನ ಮೊದಲ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ತಾಯಿಯ ಕರುಳಿನಿಂದಲೇ ಬಂದವಂತೆ. ಶುಚಿ ಮಾಡುವುದನ್ನು ಬಿಡಬೇಕೆಂದಲ್ಲ, ಶುಚಿ ಬೇಕೇ ಬೇಕು. ಸಿಸೇರಿಯನ್ ಆದವರು ಕೊರಗಬೇಕಾಗಿಯೂ ಇಲ್ಲ, ವರ್ಷ ತುಂಬುವಷ್ಟರಲ್ಲಿ ಆ ವ್ಯತ್ಯಾಸ ಬಹುಮಟ್ಟಿಗೆ ಕರಗುತ್ತದೆ. ತಾಯಿ ಯಾವುದಕ್ಕೆ ತಲೆತಗ್ಗಿಸುತ್ತಾಳೋ ಆ ಜಾಗದಿಂದಲೂ ಮಗುವಿಗೆ ಒಂದು ಬಳುವಳಿ ಸಿಗುತ್ತಿದೆ ಎಂದು ತಿಳಿದು ನನಗೆ ಬಹಳ ಸಂತೋಷವಾಯಿತು.

ಹೆರಿಗೆ ಮುಗಿದ ಮೇಲೆ ಮತ್ತೊಂದು ಭಯ ಕಾದಿರುತ್ತದೆ. ಹೊಲಿಗೆ ಬಿದ್ದ ಮೈಯಲ್ಲಿ ಮೊದಲ ಸಲ ಎರಡಕ್ಕೆ ಹೋಗುವುದು. ಹೊಲಿಗೆ ಬಿಚ್ಚಿಹೋದರೆ ಎಂದು ಹೆದರಿ ದಿನಗಟ್ಟಲೆ ತಡೆಯುತ್ತಾರೆ. ತಡೆದಷ್ಟೂ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ನೋಯುತ್ತದೆ. ಅದರ ಮೇಲೆ ನಮ್ಮ ಬಾಣಂತನ. ಮೆಣಸಿನ ಪುಡಿ ಕಲಸಿದ ಒಣ ಅನ್ನ, ತುಪ್ಪ, ನೀರು ಕುಡಿದರೆ ಶೀತ, ಹೊಟ್ಟೆ ಬರುತ್ತೆ ಅಂತ ಒಂದು ಲೋಟಕ್ಕೂ ತಡೆ. ಆದರೆ ಹಾಲೂಡಿಸುವ ಮೈಗೆ ನೀರು ಬೇಕೇ ಬೇಕು. ತಂಗಿಯ ಮಗಳ ಬಾಣಂತನದಲ್ಲಿ ನೀರು ಕೊಡಲು ನಮ್ಮಮ್ಮ ಒಪ್ಪಲಿಲ್ಲ. ಮೊಮ್ಮಗಳು ಕೇಳಿದರೂ ಇಲ್ಲ, ನಾನು ವಾದಿಸಿದರೂ ಇಲ್ಲ. ಮೂರನೇ ದಿನ ಕೂಸನ್ನು ತೂಕ ಮಾಡಲು ಬಂದ ಆಶಾ ಕಾರ್ಯಕರ್ತೆ, “ಅಜ್ಜಿ, ನೀರು ಕೊಡ್ದಿದ್ರೆ ಹಾಲೂ ಕಮ್ಮಿ, ಕಕ್ಕಸೂ ಕಟ್ಟುತ್ತೆ, ಸೊಪ್ಪು ತರಕಾರೀನೂ ಹಾಕಿ” ಅಂದಳು. ಯೂನಿಫಾರ್ಮ್ ಸೀರೆ ಉಟ್ಟವಳ ಮಾತಿಗೆ ಅಮ್ಮ ಬಗ್ಗಿದರು. ದಿನಕ್ಕೆ ಮೂರು ಚೊಂಬು ನೀರು, ಸಬ್ಬಸಿಗೆ ಸೊಪ್ಪಿನ ಪಲ್ಯ. ನೀರು ಮಾತ್ರ ಬಿಸಿಯದೇ ಆಗಬೇಕು, ಅದನ್ನು ತಾವೇ ಕಾಯಿಸಿ ಕೊಡುತ್ತೇನೆ ಅಂದರು.