ಅನಾಸಕ್ತಿ ಎಂದರೆ ಯಾವುದು?

ಅನ್‌ಇಂಟರೆಸ್ಟೆಡ್, ಡಿಸ್‌ಇಂಟರೆಸ್ಟೆಡ್ ಎಂಬ ಎರಡು ಇಂಗ್ಲಿಷ್ ಪದಗಳು ನೋಟಕ್ಕೆ ಅವಳಿಗಳು, ಗುಣದಲ್ಲಿ ಬೇರೆ. ಮೊದಲನೆಯವನಿಗೆ ವಿಷಯದಲ್ಲಿ ಆಸಕ್ತಿಯಿಲ್ಲ. ಎರಡನೆಯವನಿಗೆ ಅದರಿಂದ ಸ್ವಂತ ಲಾಭದ ಹಂಬಲವಿಲ್ಲ. ನ್ಯಾಯಾಧೀಶರು ಡಿಸ್‌ಇಂಟರೆಸ್ಟೆಡ್ ಆಗಿರಬೇಕು. ಅನ್‌ಇಂಟರೆಸ್ಟೆಡ್ ಆದರೆ ವಾದದ ನಡುವೆಯೇ ತೂಕಡಿಸಿಯಾರು! ಇಂಟರೆಸ್ಟ್ ಎಂದರೆ ಕುತೂಹಲವೂ ಹೌದು, ಸ್ವಹಿತವೂ ಹೌದು. ತೊಡಕಿನ ಮೂಲ ಅಲ್ಲಿದೆ. 17ನೆಯ ಶತಮಾನದಲ್ಲಿ ಒಂದರ ಅರ್ಥದಲ್ಲಿ ಇನ್ನೊಂದು ಬಳಕೆಯಾದದ್ದೂ ಉಂಟು.

ಇದನ್ನು ಕಂಡು ನಾವು ನಗುವಂತಿಲ್ಲ. ಗಾಂಧೀಜಿಯವರ ಗುಜರಾತಿ ಗೀತಾನುವಾದವು 1930ರಲ್ಲಿ ‘ಅನಾಸಕ್ತಿಯೋಗ’ವೆಂಬ ಹೆಸರಿನಿಂದ ಪ್ರಕಟವಾಯಿತು. ಅಲ್ಲಿ ಅನಾಸಕ್ತಿಯೆಂದರೆ ಫಲದ ಮೋಹವಿಲ್ಲದೆ ಮನಸ್ಸಿಟ್ಟು ದುಡಿಯುವುದು. ಇಂದು ನಮ್ಮ ಮಾತಿನಲ್ಲಿ ಅನಾಸಕ್ತಿಯೆಂದರೆ ಬರಿಯ ಉದಾಸೀನ.

‘ಅಂಕ ಬರದ ಪುಸ್ತಕ ನಮಗೇಕೆ?’ ಎಂದು ಗೆಳೆಯರು ಕೇಳುವುದುಂಟು. ಅವರನ್ನು ಹಳಿಯಲಾರೆ. ನಾನೂ ಬಿ.ಎ. ಓದುತ್ತಿರುವುದು ಉದ್ಯೋಗಕ್ಕಾಗಿಯೇ, ಮನೆಯಲ್ಲಿ ಅದಕ್ಕಾಗಿ ಕಾದಿದ್ದಾರೆ. ಆದರೂ ಗ್ರಂಥಾಲಯದಲ್ಲಿ ಪಠ್ಯಕ್ಕೆ ಹೊರತಾದ ಪುಸ್ತಕವನ್ನು ಹಿಡಿದು ಕುಳಿತಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆಗ ಯಾವ ಲಾಭದ ಲೆಕ್ಕವೂ ನೆನಪಿರುವುದಿಲ್ಲ. ಆಸಕ್ತಿ ಮಾತ್ರ ತುಂಬಿರುತ್ತದೆ. ಎರಡು ಪದಗಳ ಅಂತರ ನಿಘಂಟಿಗಿಂತ ಆ ಹೊತ್ತಿನಲ್ಲಿ ನನಗೆ ಹೆಚ್ಚು ಸ್ಪಷ್ಟವಾಗುತ್ತದೆ. ಕಾಲೇಜು ಕಲಿಸಬೇಕಾದದ್ದರಲ್ಲಿ ಇದೂ ಒಂದಲ್ಲವೆ?