ನಲವತ್ತು ಮಿಲಿವೋಲ್ಟಿನ ಸುಖ

ನಮ್ಮ ಮನೆಯಲ್ಲಿ ಒಂದು ಮೋಟು 6ಬಿ ಪೆನ್ಸಿಲ್ಲಿದೆ. ಚಿತ್ರ ಬರೆಯುವುದು ನಮ್ಮ ವಂಶದಲ್ಲೇ ಯಾರಿಗೂ ಬಾರದ ವಿದ್ಯೆ. ಹೀಗಿರುವಾಗ ಮೊನ್ನೆ ಮಗಳು ಅದನ್ನೆತ್ತಿಕೊಂಡು ಆನೆ ಬರೆಯಲು ಕೂತಳು. ನಾನು ಧಾವಿಸಿ ಹೋಗಿ ಕಿತ್ತುಕೊಂಡದ್ದನ್ನು ಕಂಡು ಹೆಂಡತಿ, "ಇದೇನ್ರೀ, ಚಿನ್ನದ ಕಡ್ಡೀನಾ?" ಅಂದಳು. ಚಿನ್ನವಲ್ಲ, ಗ್ರಾಫೈಟು. 2007ರಲ್ಲಿ ಇದೇ ಪೆನ್ಸಿಲ್ಲಿನಿಂದ ನಾನು ಕಂಪ್ಯೂಟರಿನ ಮದರ್‌ಬೋರ್ಡಿನ ಮೇಲೆ ಗೀಚಿದ್ದೆ. ಬೇಕೆಂದೇ.

ಆಗಿನ್ನೂ ಮದುವೆಯಿಲ್ಲ, ಬನಶಂಕರಿಯಲ್ಲಿ ಒಂದು ಬಾಡಿಗೆ ರೂಮು. ಸಂಬಳ ಕೂಡಿಸಿ ಎಸ್‌ಪಿ ರೋಡಿಗೆ ಹೋಗಿ ಬಿಡಿಭಾಗ ತಂದು ನಾನೇ ಜೋಡಿಸಿದ ಯಂತ್ರ. ಪ್ರೊಸೆಸರು ಇಂಟೆಲ್ಲಿನ ಕೋರ್ 2 ಡ್ಯುಯೋ ಇ6300. ಹಿಂದಿನ ವರ್ಷ ಜುಲೈನಲ್ಲಿ ಬಿಡುಗಡೆಯಾಗಿದ್ದ ಆ ಬಳಗದಲ್ಲಿ ಅದೇ ಕಡೆಯ ತಮ್ಮ. ಡಬ್ಬಿಯ ಮೇಲೆ ಬರೆದಿದ್ದದ್ದು 1.86 ಗಿಗಾಹರ್ಟ್ಸ್. ಈ ಲೆಕ್ಕ ಬರುವುದು 266ನ್ನು 7ರಿಂದ ಗುಣಿಸಿದಾಗ. ಏಳನ್ನು ಮೇಲಕ್ಕೆ ಏರಿಸಲು ಬಿಡುವುದಿಲ್ಲ, ಅದಕ್ಕೆ ಬೀಗ ಹಾಕಿದ್ದಾರೆ. 266ಕ್ಕೆ ಹಾಕಿಲ್ಲ. ಅದನ್ನು 450ಕ್ಕೆ ಏರಿಸಿದರೆ ಅದೇ ದುಡ್ಡಿಗೆ 3.15 ಗಿಗಾಹರ್ಟ್ಸ್! ಓವರ್‌ಕ್ಲಾಕಿಂಗ್ ಎಂಬ ದೊಡ್ಡ ಹೆಸರಿನ ಈ ವಿದ್ಯೆ ಮೂಲತಃ ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿಗೆ ಕೊಸರು ಕೇಳಿದ ಹಾಗೆ. ಕೊಟ್ಟರೆ ಕೊಟ್ಟಾರು, ಇಲ್ಲದಿದ್ದರೆ ಬೈದಾರು.

ಪ್ರೊಸೆಸರು ಬೈಯುವುದೆಂದರೆ ನೀಲಿ ಪರದೆ. ಅದನ್ನು ಸಮಾಧಾನಪಡಿಸಲು ಇನ್ನೊಂದಿಷ್ಟು ವೋಲ್ಟೇಜು ಉಣಿಸಬೇಕು. ಬಯಾಸ್‌ನಲ್ಲಿ 1.40 ಎಂದು ಬರೆದೆ. ವಿಂಡೋಸ್ ಎದ್ದು ಸುಮ್ಮನೆ ಕೂತಾಗ ಮಲ್ಟಿಮೀಟರು 1.38 ತೋರಿಸಿತು. ಇರಲಿ. ಆಮೇಲೆ ಆರ್ಥೋಸ್ ಹಾಕಿದೆ. ಇದು ಎರಡೂ ಕೋರುಗಳಿಗೆ ಎಡೆಬಿಡದೆ ಲೆಕ್ಕ ಕೊಟ್ಟು ಬೆವರಿಳಿಸುವ ತಂತ್ರಾಂಶ. ಮೀಟರು ಜಾರಿ ಜಾರಿ 1.31ಕ್ಕೆ ನಿಂತಿತು. ಇಪ್ಪತ್ತು ನಿಮಿಷಕ್ಕೆ ಒಂದು ಕೋರು ಲೆಕ್ಕ ತಪ್ಪಿ ಕೈಚೆಲ್ಲಿತು.

ಈ ಕುಸಿತ ನನಗೆ ಹೊಸದಲ್ಲ. ನಮ್ಮೂರು ತಿಪಟೂರು ಕಡೆ, ತೆಂಗಿನ ತೋಟಗಳ ನಡುವೆ. ರಾತ್ರಿ ತ್ರೀ ಫೇಸ್ ಬಂದದ್ದೇ ತಡ, ಸುತ್ತಲ ಬೋರ್‌ವೆಲ್ಲುಗಳ ಮೋಟರೆಲ್ಲ ಒಟ್ಟಿಗೆ ಗುಂಯ್ ಅನ್ನುತ್ತಿದ್ದವು. ನಾನು ಓದುತ್ತಿದ್ದ ಬಲ್ಬು ಕೆಂಡದ ಬಣ್ಣಕ್ಕೆ ಇಳಿಯುತ್ತಿತ್ತು. ಮೋಟರು ಎಳೆಯುವ ಕರೆಂಟು ಹೆಚ್ಚಿದಷ್ಟೂ ತಂತಿಯ ತುದಿಗೆ ತಲುಪುವ ವೋಲ್ಟೇಜು ಕಡಿಮೆ. ಓಮ್ ಹೇಳಿದ ನಿಯಮ ನಮಗೆ ಪಾಠವಾಗುವ ಮೊದಲೇ ಕಣ್ಣುನೋವಾಗಿ ಗೊತ್ತಿತ್ತು. ಪ್ರೊಸೆಸರಿನದೂ ಅದೇ ಕಥೆ, ಅಳತೆ ಮಾತ್ರ ಬೇರೆ. 65 ವಾಟನ್ನು 1.3 ವೋಲ್ಟಿನಲ್ಲಿ ಕೊಡಬೇಕೆಂದರೆ 50 ಆಂಪಿಯರ್ ಹರಿಯಬೇಕು. ಸ್ನಾನದ ಮನೆಯ 3 ಕಿಲೋವಾಟ್ ಗೀಜರಿಗೆ ಬೇಕಾದದ್ದು ಬರೇ 13 ಆಂಪಿಯರು. ಅದಕ್ಕಿಂತ ನಾಲ್ಕು ಪಟ್ಟು ಕರೆಂಟು ಉಗುರಿನಷ್ಟಗಲದ ಸಿಲಿಕಾನಿಗೆ ನುಗ್ಗುತ್ತದೆ. ಪವರ್ ಸಪ್ಲೈ ಕಳಿಸುವ 12 ವೋಲ್ಟನ್ನು ಕತ್ತರಿಸಿ ಕತ್ತರಿಸಿ ಇಷ್ಟಕ್ಕೆ ಇಳಿಸಲು ಪ್ರೊಸೆಸರಿನ ಸುತ್ತ ಮಾಸ್‌ಫೆಟ್ಟು, ಚೋಕು, ಕೆಪಾಸಿಟರುಗಳು ಊಟದ ಪಂಕ್ತಿಯಂತೆ ಕೂತಿರುತ್ತವೆ. ಆ ಪಂಕ್ತಿಗೆ ಬಡಿಸುವ ಯಜಮಾನ ಒಂದು ಸಣ್ಣ ಚಿಪ್ಪು. ಕರೆಂಟು ಎಷ್ಟು ಹರಿಯುತ್ತಿದೆ ಎಂದು ನೋಡಿ ವೋಲ್ಟೇಜನ್ನು ಎಷ್ಟು ತಗ್ಗಿಸಬೇಕೆಂದು ತೀರ್ಮಾನಿಸುವವನು ಅವನೇ. ಆ 'ಎಷ್ಟು' ಎಂಬುದನ್ನು ಅವನ ಪಕ್ಕದಲ್ಲಿರುವ ಒಂದು ರೆಸಿಸ್ಟರು ಹೇಳಿಕೊಡುತ್ತದೆ. ಅದರ ಓಮ್ ಇಳಿಸಿದರೆ ಕುಸಿತವೂ ಇಳಿಯುತ್ತದೆ.

ಇಳಿಸುವುದು ಹೇಗೆ? ಬೆಸುಗೆ ಹಾಕಬಹುದು. ರಾಗಿಕಾಳಿನಷ್ಟಿರುವ ರೆಸಿಸ್ಟರಿಗೆ ನನ್ನ ದಪ್ಪ ಸೋಲ್ಡರಿಂಗ್ ಐರನ್ ಹಿಡಿಯುವುದೆಂದರೆ ಹಾರೆಯಲ್ಲಿ ಕಿವಿ ಚುಚ್ಚಿದಂತೆ. ಪೆನ್ಸಿಲ್ಲು ಬರುವುದು ಇಲ್ಲಿ. ರೆಸಿಸ್ಟರಿನ ಬೆನ್ನ ಮೇಲೆ ಈ ತುದಿಯಿಂದ ಆ ತುದಿಗೆ ಗೀಟೆಳೆದರೆ ಕರೆಂಟಿಗೆ ಇನ್ನೊಂದು ಒಳದಾರಿ ಸಿಕ್ಕಿತು, ಒಟ್ಟು ಓಮ್ ಇಳಿಯಿತು. ಅಷ್ಟೇ ಸೂತ್ರ. ಎಚ್‌ಬಿಗಿಂತ 6ಬಿ ಯಾಕೆ ಮೇಲೆಂದರೆ ಅದರಲ್ಲಿ ಜೇಡಿ ಕಡಿಮೆ, ಗ್ರಾಫೈಟು ಹೆಚ್ಚು. 1795ರಲ್ಲಿ ಫ್ರಾನ್ಸಿನ ಕೋಂಟೆ ಗ್ರಾಫೈಟಿಗೆ ಜೇಡಿ ಬೆರೆಸಿ ಸುಟ್ಟು ಕಡ್ಡಿ ಮಾಡುವ ದಾರಿ ಕಂಡುಕೊಂಡಾಗ ಅವನ ತಲೆಯಲ್ಲಿ ಇಂಥ ಕಿತಾಪತಿ ಇದ್ದಿರಲಾರದು. ಆದರೆ ಈ ಕಿತಾಪತಿಗೂ ಒಂದು ಪರಂಪರೆಯಿದೆ. 2000ದ ಹೊತ್ತಿಗೇ ಎಎಂಡಿ ಅಥ್ಲಾನಿನ ಬೆನ್ನಿನ ಮೇಲೆ ಕಡಿದುಹೋದ ಪುಟ್ಟ ಸೇತುವೆಗಳನ್ನು ಪೆನ್ಸಿಲ್ಲಿನಿಂದ ಕೂಡಿಸಿ ಗುಣಕದ ಬೀಗ ತೆಗೆದವರಿದ್ದರು.

ಮಾಡುವ ಬಗೆ ಹೇಳಿಬಿಡುತ್ತೇನೆ, ಅದೇ ಸವಿ. ಊಟ ಮುಗಿಸಿ, ಕೈ ತೊಳೆದು, ಪ್ಲಗ್ ಕಿತ್ತು, ಕೆಪಾಸಿಟರುಗಳಲ್ಲಿ ಉಳಿದದ್ದೂ ಬಸಿದುಹೋಗಲೆಂದು ಪವರ್ ಬಟನ್ನನ್ನು ಒಮ್ಮೆ ಒತ್ತಬೇಕು. ಅಕ್ಕಪಕ್ಕದ ಬಿಡಿಭಾಗಗಳಿಗೆ ಸೆಲ್ಲೋಟೇಪಿನ ಸೆರಗು ಹೊದೆಸಬೇಕು, ಕರಿಪುಡಿ ಅವುಗಳ ಮೇಲೆ ಬಿದ್ದರೆ ಅನರ್ಥ. ಮೊದಲು ಮೀಟರಿನ ಎರಡು ಸೂಜಿ ಇಟ್ಟು ಓಮ್ ಬರೆದುಕೊಳ್ಳಬೇಕು. ನನ್ನದು 840 ಇತ್ತು. ಒಂದು ಗೀಟು. ಮೆಲ್ಲಗೆ ಊದು. ಅಳೆ: 815. ಇನ್ನೊಂದು ಗೀಟು: 770. ಮೃದಂಗದವರು ಎಡಗಡೆಗೆ ರವೆ ಕಲಸಿ ಮೆತ್ತಿ, ಒಮ್ಮೆ ತಟ್ಟಿ, ಕಿವಿಯೊಡ್ಡಿ, ಹೆಚ್ಚಾದದ್ದನ್ನು ಚಿವುಟಿ ತೆಗೆಯುವುದನ್ನು ನೋಡಿದ್ದೀರಲ್ಲ? ಅದೇ ಕೆಲಸ. ಹೆಚ್ಚಾದರೆ ರಬ್ಬರು. ಈ ಜಗತ್ತಿನಲ್ಲಿ ರಬ್ಬರಿನಿಂದ ಅಳಿಸಿ ಸರಿಪಡಿಸಬಹುದಾದ ಎಲೆಕ್ಟ್ರಾನಿಕ್ಸ್ ಇನ್ನೊಂದು ನನಗೆ ಗೊತ್ತಿಲ್ಲ.

ಅಂಥ ಒಂದು ರಾತ್ರಿ ಅಪ್ಪ ಊರಿಂದ ಬಂದು ಚಾಪೆಯ ಮೇಲೆ ಮಲಗಿದ್ದರು. ಎಚ್ಚರವಾಗಿ, "ಏನ್ಲಾ ಮಗ, ಸರೊತ್ತಲ್ಲಿ ಪೆನ್ಸಿಲ್ ಹಿಡ್ಕಂಡು ಏನ್ ಬರೀತಾ ಇದೀಯ?" ಎಂದರು. ವೋಲ್ಟೇಜು ಬೀಳುವುದು, ಗೀಟೆಳೆದರೆ ನಿಲ್ಲುವುದು ಎಲ್ಲವನ್ನೂ ವಿವರಿಸಿದೆ. ಶ್ರದ್ಧೆಯಿಂದ ಕೇಳಿ ಮಗ್ಗುಲು ಬದಲಿಸಿದರು. "ಹಂಗಾರೆ ಹಬ್ಬಕ್ಕೆ ಬರೋವಾಗ ಅದನ್ನ ತತ್ತಾ. ನಮ್ಮೂರ ಟೀಸಿಗೂ ಒಂದ್ ಗೀಟ್ ಎಳೆಯೋವಂತೆ."

ಆಸೆ ಕೆಟ್ಟದ್ದು. 840 ಇದ್ದದ್ದನ್ನು ಇಳಿಸುತ್ತಾ ಹೋಗಿ ಕುಸಿತವನ್ನು ಎಪ್ಪತ್ತು ಮಿಲಿವೋಲ್ಟಿನಿಂದ ಹತ್ತಕ್ಕೆ ತಂದುಬಿಟ್ಟೆ. ದುಡಿಯುವಾಗಲೂ 1.37! ಆರ್ಥೋಸ್ ಇಡೀ ರಾತ್ರಿ ಓಡಿತು, ಫ್ಯಾನಿನ ಸದ್ದಿಗೆ ನನಗೆ ಜೋಗುಳದ ನಿದ್ದೆ. ಅಷ್ಟು ವೇಗದ ಯಂತ್ರದಲ್ಲಿ ನಾನು ಮಾಡುತ್ತಿದ್ದುದೇನು ಎಂದು ಕೇಳಬೇಡಿ. ನುಡಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಯ ಕರೆಯೋಲೆ ಟೈಪು ಮಾಡಿದ್ದು ನೆನಪಿದೆ.

ಕೆಲವು ವಾರಗಳ ಬಳಿಕ ಕಾಲೇಜೊಂದರಲ್ಲಿ ಪಾಠ ಮಾಡುವ ಗೆಳೆಯನ ಲ್ಯಾಬಿಗೆ ಪೆಟ್ಟಿಗೆ ಹೊತ್ತುಕೊಂಡು ಹೋದೆ, ಹೊಗಳಿಸಿಕೊಳ್ಳಲು. ಅವನು ಏನೂ ಅನ್ನದೆ ಆಸಿಲೋಸ್ಕೋಪ್ ಹಚ್ಚಿದ. ಆರ್ಥೋಸ್ ನಿಲ್ಲಿಸಿದ ಕ್ಷಣ ಗೆರೆ ನೆಟ್ಟಗೆ ಮೇಲೆ ನೆಗೆದು, ನಾನು ಬಯಾಸ್‌ನಲ್ಲಿ ಬರೆದ 1.40ನ್ನೂ ದಾಟಿ, ಆಮೇಲೆ ಕೆಳಗಿಳಿಯಿತು. ಮೈಕ್ರೋಸೆಕೆಂಡುಗಳ ನೆಗೆತ, ಮಲ್ಟಿಮೀಟರಿನ ಮಂದಗಣ್ಣಿಗೆ ಎಂದೂ ಬೀಳದ್ದು. ಬಾವಿಯಿಂದ ತುಂಬಿದ ಕೊಡ ಸೇದುವಾಗ ಹಗ್ಗ ತುಂಡಾದರೆ ನಾವು ಹಿಂದಕ್ಕೆ ಬೀಳುವುದಿಲ್ಲವೆ? ಚೋಕಿನಲ್ಲಿ ಹರಿಯುತ್ತಿದ್ದ ಕರೆಂಟು ಹಾಗೆ ಥಟ್ಟನೆ ನಿಲ್ಲಲಾರದು, ಕೆಪಾಸಿಟರಿಗೆ ನುಗ್ಗಿ ವೋಲ್ಟೇಜನ್ನು ಮೇಲೆತ್ತುತ್ತದೆ. ಹೊರೆ ಇರುವಾಗ ವೋಲ್ಟೇಜು ತಗ್ಗಿಯೇ ಇದ್ದರೆ ಆ ನೆಗೆತಕ್ಕೆ ತಲೆ ತಗುಲದಷ್ಟು ಜಾಗವಿರುತ್ತದೆ. ಇಂಟೆಲ್ಲಿನವರು ಎಷ್ಟು ಆಂಪಿಯರಿಗೆ ಎಷ್ಟು ತಗ್ಗಬೇಕೆಂದು ಲೋಡ್‌ಲೈನ್ ಎಂಬ ಗೆರೆಯನ್ನೇ ಎಳೆದು ಕೊಟ್ಟಿದ್ದರು. ನಾನು ರೋಗವೆಂದು ಔಷಧಿ ಹಚ್ಚಿದ್ದು ಅದರ ಆರೋಗ್ಯಕ್ಕೆ.

ಹಾಗೆಂದು ಎಲ್ಲವನ್ನೂ ಅಳಿಸಲಿಲ್ಲ. 1.31ರಲ್ಲಿ ಅದಕ್ಕೆ ಲೆಕ್ಕ ತಪ್ಪುತ್ತಿತ್ತಲ್ಲ! ಮನೆಗೆ ಬಂದು ರಬ್ಬರು ಹಿಡಿದು ಕುಸಿತ ಮೂವತ್ತಾಗುವಷ್ಟು ಅಳಿಸಿದೆ. ದುಡಿಮೆಯಲ್ಲಿ 1.35. ಮೂಲಕ್ಕಿಂತ ನಲವತ್ತು ಮಿಲಿವೋಲ್ಟು ಮೇಲೆ. ಆ ನಲವತ್ತು ನನ್ನದು. ಬಿಸಿಗೋ ಧೂಳಿಗೋ ಗ್ರಾಫೈಟು ಉದುರಿ ಓಮ್ ಮೆಲ್ಲನೆ ಏರುತ್ತಿತ್ತು. ತಿಂಗಳಿಗೊಮ್ಮೆ ಎಣ್ಣೆಸ್ನಾನದ ಹಾಗೆ ಒಂದು ಗೀಟು ಎಳೆಯುವ ಪದ್ಧತಿಯಿಟ್ಟುಕೊಂಡೆ.

ಮುಂದಿನ ಬೋರ್ಡುಗಳಲ್ಲಿ ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂದು ಬಯಾಸ್‌ನಲ್ಲೇ ಬಂತು, ಎರಡು ಬಾಣದ ಕೀಲಿ ಒತ್ತಿದರೆ ಮುಗಿಯಿತು. ಅನುಕೂಲವೇ, ಇಲ್ಲವೆನ್ನಲಾರೆ. ಅಂಗಡಿಯವನು ಸೂತ್ರ ಕಟ್ಟಿಯೇ ಮಾರುವ ಗಾಳಿಪಟವೂ ಹಾರುತ್ತದೆ.

ಪೆನ್ಸಿಲ್ ಕಿತ್ತುಕೊಂಡದ್ದಕ್ಕೆ ಮುಖ ಊದಿಸಿ ಕೂತಿದ್ದ ಮಗಳನ್ನು ಒಲಿಸಲು ಅಟ್ಟದಿಂದ ಆ ಬೋರ್ಡು ಇಳಿಸಿ, ಮಲ್ಟಿಮೀಟರಿನ ಸೂಜಿಗಳನ್ನು ಅವಳ ಕೈಗಿತ್ತೆ. ರೆಸಿಸ್ಟರು 790 ಅಂದಿತು. ಗೀಟು ಪೂರ್ತಿ ಹೋಗಿಲ್ಲ! ಅವಳಿಗೆ ಅದರಲ್ಲಿ ಅಂಥ ಕುತೂಹಲವೇನೂ ಹುಟ್ಟಲಿಲ್ಲ. ಪೆನ್ಸಿಲ್ ಹಿಂದಕ್ಕೆ ಪಡೆದು ಆನೆಯ ಬಾಲವನ್ನು ಒತ್ತಿ ಒತ್ತಿ ದಪ್ಪ ಮಾಡಿದಳು. ಆಮೇಲೆ ತಾನೇ ಎರಡೂ ಸೂಜಿಗಳನ್ನು ಬಾಲದ ಎರಡು ತುದಿಗೆ ಚುಚ್ಚಿ ಕೂಗಿದಳು:

"ಅಪ್ಪಾ, ಹದಿನೆಂಟು ಕಿಲೋ!"

ಬಾಲ ಇನ್ನೂ ಸ್ವಲ್ಪ ಕಪ್ಪಾಗಬೇಕು ಅಂದೆ.